ದಿಂಬಿಗೆ ತಲೆಯಿಟ್ಟಾಗ ಕಾಣುವ ಕೋಣೆ

ಮಲಗುವ ಕೋಣೆಯನ್ನು ಅಚ್ಚುಕಟ್ಟು ಮಾಡಲು ಹೊರಟವರು ಹೆಚ್ಚಾಗಿ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸುತ್ತಾರೆ. ಅಲ್ಲಿಂದ ಕಾಣುವುದು ನೆಂಟರಿಗೆ ಕಾಣುವ ಕೋಣೆ. ನಿದ್ದೆ ಕೆಡಿಸುವ ಕೋಣೆ ಕಾಣುವುದು ಮಲಗಿದ ಮೇಲೆ. ಹಾಗಾಗಿ ನಮ್ಮ ಕೆಲಸ ಶುರುವಾದದ್ದು ಹಾಸಿಗೆಯ ಮೇಲೆ, ಕೈಯಲ್ಲೊಂದು ಹಾಳೆ, ಪೆನ್ನು ಹಿಡಿದು. ಎಡಕ್ಕೆ ಮಗ್ಗುಲಾಗಿ ಕಂಡದ್ದನ್ನೆಲ್ಲ ಬರೆದುಕೊಳ್ಳುವುದು, ಬಲಕ್ಕೆ ಹೊರಳಿ ಮತ್ತೆ ಬರೆಯುವುದು, ಕೊನೆಗೆ ಅಂಗಾತ ಮಲಗಿ ಉಳಿದದ್ದನ್ನು ಸೇರಿಸುವುದು. ಹಗಲಲ್ಲಿ ಒಮ್ಮೆ, ದೀಪ ಆರಿಸಿದ ಮೇಲೆ ಇನ್ನೊಮ್ಮೆ. ಎರಡು ಪಟ್ಟಿಗಳಿಗೂ ಸಂಬಂಧವೇ ಇರುವುದಿಲ್ಲ.

ಹಗಲಿನ ಪಟ್ಟಿಯಲ್ಲಿ ಬಂದದ್ದು: ಬಟ್ಟೆ ಹೇರಿದ ಕುರ್ಚಿ, ಪೂರ್ತಿ ಮುಚ್ಚಿಕೊಳ್ಳದ ಬೀರುವಿನ ಬಾಗಿಲು, ಮೇಜಿನ ಮೇಲೆ ಒಡೆಯದ ಲಕೋಟೆಗಳು, ಮೂಲೆಯಲ್ಲಿ ರಿಪೇರಿಗೆ ಕಾದು ಕೂತ ಟೇಬಲ್ ಫ್ಯಾನು. ರಾತ್ರಿಯ ಪಟ್ಟಿಯಲ್ಲಿ: ಕರ್ಟನ್ನಿನ ಮೇಲಂಚಿನಿಂದ ಚಾವಣಿಗೆ ಬೀಳುವ ಬೀದಿದೀಪದ ಪಟ್ಟೆ, ಚಾರ್ಜರಿನ ನೀಲಿ ಚುಕ್ಕೆ, ತಲೆಯ ಮೇಲಿನ ಫ್ಯಾನಿನ ಟಿಕ್ ಟಿಕ್, ಬಾಗಿಲ ಕೆಳಗಿನ ಸಂದಿಯಲ್ಲಿ ನುಸುಳುವ ಬೆಳಕು. ಪ್ರತಿಯೊಂದರ ಮುಂದೆ ಅದು ನಮ್ಮಿಂದ ಏನು ಕೇಳುತ್ತಿದೆ ಅಂತ ಒಂದೆರಡು ಮಾತು ಬರೆದೆವು: ಮಡಚು, ಒಡೆದು ಓದು, ರಿಪೇರಿ ಮಾಡಿಸು, ಮುಚ್ಚು. ಗೋಡೆಯ ಮೇಲಿನ ಚಿತ್ರ, ಪುಸ್ತಕದ ಸಾಲು, ಗಿಡದ ಕುಂಡ ಏನನ್ನೂ ಕೇಳುವುದಿಲ್ಲ; ಅವು ಇದ್ದಲ್ಲೇ ಇರಲಿ. ಸಾಮಾನು ಎಷ್ಟಿದೆ ಅನ್ನುವುದಕ್ಕಿಂತ, ಅದರಲ್ಲಿ ಎಷ್ಟು ಬಾಕಿ ಕೆಲಸವಾಗಿ ಕಣ್ಣಿಗೆ ಬೀಳುತ್ತಿದೆ ಅನ್ನುವುದೇ ಲೆಕ್ಕ.

ಇದಕ್ಕೆ ಸ್ವಲ್ಪ ಆಧಾರವೂ ಇದೆ. ಮನಶ್ಶಾಸ್ತ್ರಜ್ಞರಾದ ಡಾರ್ಬಿ ಸ್ಯಾಕ್ಸ್‌ಬೀ ಮತ್ತು ರೆನಾ ರೆಪೆಟ್ಟಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದುಡಿಯುವ ದಂಪತಿಗಳು ತಮ್ಮ ಮನೆಯನ್ನು ತಾವೇ ಸುತ್ತಿ ತೋರಿಸುತ್ತ ಮಾತಾಡಿದ್ದನ್ನು ದಾಖಲಿಸಿಕೊಳ್ಳಲಾಯಿತು. ಮನೆಯ ಬಗ್ಗೆ ಹೇಳುವಾಗ ಅಸ್ತವ್ಯಸ್ತ, ಅರ್ಧಕ್ಕೇ ನಿಂತಿದೆ ಎನ್ನುವಂಥ ಮಾತುಗಳನ್ನು ಹೆಚ್ಚು ಬಳಸಿದ ಹೆಂಡತಿಯರಲ್ಲಿ, ಸಂಜೆಯ ಹೊತ್ತಿಗೆ ಚೆನ್ನಾಗಿ ಇಳಿಯಬೇಕಾದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅಷ್ಟಾಗಿ ಇಳಿಯುತ್ತಿರಲಿಲ್ಲ. ಇದು ನಂಟು ಮಾತ್ರ, ಕಾರಣವೆಂದು ಸಾಬೀತಾದದ್ದಲ್ಲ. ಆದರೂ ಯಾವುದನ್ನು ಮೊದಲು ತೆಗೆಯಬೇಕು ಅನ್ನುವುದಕ್ಕೆ ಒಳ್ಳೆಯ ಸುಳಿವು.

ಕೈ ಹಾಕುವ ಮೊದಲು ಅಳತೆ. ಕೋಣೆ 10 ಅಡಿಗೆ 12 ಅಡಿ, ಮಂಚ 5 ಅಡಿಗೆ ಆರೂವರೆ. ಮಂಚವನ್ನು ಎಳೆದಾಡಿ ನೋಡುವ ಬದಲು ನೆಲದ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ ಅದರ ಚೌಕ ಎಳೆದು, ಸುತ್ತ ಓಡಾಡಿ ನೋಡಿದೆವು. ಮಂಚದ ಪಕ್ಕದಲ್ಲಿ ನಡೆಯಲು 2 ಅಡಿಯಾದರೂ ಬೇಕು; ಅದಕ್ಕಿಂತ ಕಡಿಮೆಯಾದರೆ ಹಾಸಿಗೆಯ ಆ ಬದಿಯ ಚಾದರ ಸರಿಯಾಗಿ ಸಿಕ್ಕಿಸುವುದು ನಿಂತೇ ಹೋಗುತ್ತದೆ. ಬೀರುವಿನ ಮುಂದೆ 3 ಅಡಿ ಬಿಡಬೇಕು: ಬಾಗಿಲಿನ ರೆಕ್ಕೆಗೆ ಒಂದೂವರೆ ಅಡಿ, ಎದುರು ನಿಂತವರಿಗೆ ಮಿಕ್ಕದ್ದು. ಬಹಳ ಜನ ಎಡವುವುದು ಡ್ರಾಯರಿನ ಲೆಕ್ಕದಲ್ಲಿ. ಮುಚ್ಚಿದ ಡ್ರಾಯರನ್ನು ಅಳೆದು ಮಂಚ ತಂದಿಡುತ್ತಾರೆ, ಆಮೇಲೆ ಅದು ಅರ್ಧಕ್ಕೇ ಬಂದು ಮಂಚಕ್ಕೆ ತಾಗುತ್ತದೆ. ಅರ್ಧ ತೆರೆಯುವ ಡ್ರಾಯರಿನ ಹಿಂಭಾಗ ಸತ್ತ ಜಾಗ. ಅಲ್ಲಿಗೆ ಹೋದ ಸಾಮಾನು ಮತ್ತೆ ಬೆಳಕು ಕಾಣುವುದಿಲ್ಲ.

ಮಂಚದ ತಲೆಭಾಗ ಕಿಟಕಿಯಿಲ್ಲದ ಗಟ್ಟಿ ಗೋಡೆಗೆ ಬರಲಿ. ಮಲಗಿದಲ್ಲಿಂದ ಬಾಗಿಲು ಕಾಣುವಂತಿರಬೇಕು, ಆದರೆ ಬಾಗಿಲಿನ ನೇರಕ್ಕೆ ಬೇಡ. ಬಚ್ಚಲಿನ ಪೈಪು ಹಾದುಹೋಗುವ ಗೋಡೆ ಇದ್ದರೆ ಅದನ್ನು ಬಿಡುವುದು ಒಳ್ಳೆಯದು. ಗೋಡೆಗೆ ಕಿವಿಯಿಟ್ಟು, ಇನ್ನೊಬ್ಬರಿಗೆ ನಲ್ಲಿ ತಿರುಗಿಸಲು ಹೇಳಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಈ ಕೋಣೆಯಲ್ಲಿ ಮಂಚ ಸರಿದದ್ದು ಒಂದೇ ಅಡಿ. ಅಷ್ಟಕ್ಕೇ ಬೀರುವಿನ ತೆರೆದ ಕಪಾಟಿನ ಭಾಗ ದಿಂಬಿನ ದೃಷ್ಟಿಯಿಂದ ಮರೆಯಾಯಿತು.

ಇನ್ನು ವಿಂಗಡಣೆ. ಎಲ್ಲವನ್ನೂ ಬೀರುವಿನಿಂದ ತೆಗೆದು ಹಾಸಿಗೆಯ ಮೇಲೆ ಗುಡ್ಡೆ ಹಾಕಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ನಾವು ಅದನ್ನು ಒಪ್ಪುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಉತ್ಸಾಹ ಇಳಿಯುತ್ತದೆ, ಸಂಜೆಗೆ ಗುಡ್ಡೆ ಹಾಗೇ ಇರುತ್ತದೆ, ರಾತ್ರಿ ಮಲಗಲು ಜಾಗವಿಲ್ಲದೆ ಎಲ್ಲವನ್ನೂ ಬಾಚಿ ಮತ್ತೆ ಒಳಗೆ ತುರುಕುವುದಾಗುತ್ತದೆ. ಒಂದು ಸಲಕ್ಕೆ ಒಂದೇ ಅರೆ, ಅಥವಾ ಒಂದೇ ಡ್ರಾಯರು. ಅದು ಮುಗಿದು ಬಾಗಿಲು ಮುಚ್ಚಿದ ಮೇಲೆಯೇ ಮುಂದಿನದು. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಕೋಣೆ ಅಂದು ರಾತ್ರಿಯೂ ಮಲಗುವ ಹಾಗೇ ಇರುತ್ತದೆ.

ಮೊದಲು ಬೀರು, ಆಮೇಲೆ ಕುರ್ಚಿ. ಕಣ್ಣಿಗೆ ಹೊಡೆಯುವುದು ಕುರ್ಚಿಯಾದ್ದರಿಂದ ಎಲ್ಲರ ಕೈಯೂ ಮೊದಲು ಅದಕ್ಕೇ ಹೋಗುತ್ತದೆ. ಆದರೆ ಬಟ್ಟೆ ಕುರ್ಚಿಯ ಮೇಲೆ ಬಂದು ಬಿದ್ದದ್ದೇ ಬೀರುವಿನೊಳಗೆ ಜಾಗವಿಲ್ಲದೆ. ಬೀರು ಕಿಕ್ಕಿರಿದಿರುವಾಗ ಕುರ್ಚಿ ಖಾಲಿ ಮಾಡಿದರೆ ವಾರದೊಳಗೆ ಮತ್ತೆ ತುಂಬುತ್ತದೆ. ಬೀರುವಿನಲ್ಲಿ ಐದನೇ ಒಂದು ಭಾಗ ಖಾಲಿ ಉಳಿಯುವವರೆಗೂ ಅದರಿಂದ ತೆಗೆಯುತ್ತಲೇ ಹೋಗಬೇಕು. ಸಾಕಾಯಿತೋ ಇಲ್ಲವೋ ನೋಡಲು ಸುಲಭದ ಪರೀಕ್ಷೆಯೊಂದಿದೆ: ಒಂದೇ ಕೈಯಲ್ಲಿ ಒಂದು ಅಂಗಿ ತೆಗೆದು, ಅದೇ ಕೈಯಲ್ಲಿ ವಾಪಸ್ ಇಡಲಾಗಬೇಕು. ಪಕ್ಕದ ಬಟ್ಟೆಗಳನ್ನು ತಳ್ಳಿ ಹಿಡಿಯಲು ಇನ್ನೊಂದು ಕೈ ಬೇಕಾಯಿತೆಂದರೆ, ದಣಿದ ರಾತ್ರಿಯಲ್ಲಿ ಆ ಅಂಗಿ ಕುರ್ಚಿಗೇ ಹೋಗುತ್ತದೆ. ಹ್ಯಾಂಗರಿನಲ್ಲಿ ತೆಳು ಅಂಗಿಗೆ ಸುಮಾರು 1 ಇಂಚು, ದಪ್ಪ ಬಟ್ಟೆಗೆ 2 ಇಂಚು ಅಂತ ಹಿಡಿದರೆ, 3 ಅಡಿ ಸರಳಿಗೆ 25 ಅಂಗಿ ಹಾಯಾಗಿ ಕೂರುತ್ತವೆ, 30 ಅಂದರೆ ಬಿಗಿ. ಅರೆಗಳಲ್ಲಿ ಮಡಚಿಟ್ಟ ಅಟ್ಟಿ 8 ಇಂಚು ದಾಟಬಾರದು, ದಾಟಿದರೆ ಕೆಳಗಿನದನ್ನು ಎಳೆದಾಗ ಎಲ್ಲವೂ ವಾಲುತ್ತದೆ. ಅರೆಗಳ ನಡುವೆ ಅಂತರ ಜಾಸ್ತಿಯಿದ್ದರೆ ಅಟ್ಟಿಯನ್ನು ಎತ್ತರಿಸಬೇಡಿ, ಮಧ್ಯದಲ್ಲಿ ಇನ್ನೊಂದು ಹಲಗೆ ಕೂರಿಸಿ. ಡ್ರಾಯರಿನಲ್ಲಿ ಬಟ್ಟೆಗಳನ್ನು ನಿಲ್ಲಿಸಿ ಜೋಡಿಸುವ ಪದ್ಧತಿ ಚೆನ್ನ, ಆದರೆ ಡ್ರಾಯರು ಅರ್ಧ ಖಾಲಿಯಾದೊಡನೆ ಅವು ಮಗುಚಿಕೊಳ್ಳುತ್ತವೆ. ಷೂ ಡಬ್ಬಿಯ ತಳವನ್ನು ಒಳಗಿಟ್ಟು ಅದರಲ್ಲಿ ನಿಲ್ಲಿಸಿದರೆ ಆ ತಾಪತ್ರಯವಿಲ್ಲ.

ಪಕ್ಕದಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆಗಳು: ಇದೇ ಕೋಣೆಯಲ್ಲಿ ಬೇರೆ ಜಾಗಕ್ಕೆ ಹೋಗುವಂಥದ್ದು, ಮನೆಯ ಬೇರೆ ಕೋಣೆಗೆ ಸೇರಿದ್ದು, ಮನೆಯಿಂದ ಹೊರಹೋಗುವುದು, ಇನ್ನೂ ತೀರ್ಮಾನವಾಗದ್ದು. ಕಸಕ್ಕೊಂದು ಚೀಲ. ಬೇರೆ ಕೋಣೆಯ ಪೆಟ್ಟಿಗೆ ಕೊನೆಯವರೆಗೂ ಅಲ್ಲಿಂದ ಅಲುಗಬಾರದು. ಒಂದು ಸ್ಕ್ರೂಡ್ರೈವರ್ ಸಿಕ್ಕಿತೆಂದು ಅದನ್ನು ಅದರ ಜಾಗಕ್ಕೆ ಇಡಲು ಹೋದವರು ಅಲ್ಲಿನ ಡ್ರಾಯರು ಜೋಡಿಸುತ್ತ ಕೂತುಬಿಡುತ್ತಾರೆ. ಹಳೆಯ ಫೋಟೋ, ಪತ್ರ ಸಿಕ್ಕರೆ ತೆರೆಯದೆ ಹಾಗೇ ಒಂದು ಲಕೋಟೆಗೆ ಹಾಕಿ ಬದಿಗಿಡಿ. ಅವುಗಳನ್ನು ನೋಡುವುದು ಬೇರೆ ದಿನದ ಕೆಲಸ. ಚೆಂದದ ಪ್ಲಾಸ್ಟಿಕ್ ಡಬ್ಬಿ, ಬುಟ್ಟಿಗಳನ್ನು ಮೊದಲೇ ಕೊಳ್ಳಬೇಡಿ. ಏನು ಉಳಿಯುತ್ತದೆಂದು ತಿಳಿಯುವ ಮೊದಲು ಕೊಂಡ ಡಬ್ಬಿಗಳು ಅಳತೆಗೆ ಬರುವುದಿಲ್ಲ, ಕೊನೆಗೆ ಅವೇ ಒಂದು ರಾಶಿಯಾಗುತ್ತವೆ. ಕೋಣೆ ಇಬ್ಬರದಾದರೆ ಇನ್ನೊಂದು ಕಟ್ಟುನಿಟ್ಟು: ಇನ್ನೊಬ್ಬರ ವಸ್ತುವಿನ ಬಗ್ಗೆ ನಾವು ತೀರ್ಮಾನ ಮಾಡುವಂತಿಲ್ಲ. ಬೇಕಾದರೆ ಅವರ ಪಾಲಿನ ಅರೆಯಲ್ಲಿಟ್ಟು ಸುಮ್ಮನಾಗಬೇಕು.

ಈಗ ಕುರ್ಚಿ. ಅದರ ಮೇಲಿರುವುದು ಮೈಲಿಗೆ ಬಟ್ಟೆಯೂ ಅಲ್ಲ, ಮಡಿ ಬಟ್ಟೆಯೂ ಅಲ್ಲ. ಒಮ್ಮೆ ತೊಟ್ಟು ಇನ್ನೊಮ್ಮೆ ತೊಡಬಹುದಾದದ್ದು. ಬೀರುವಿಗೆ ವಾಪಸ್ ಇಡಲು ಮನಸ್ಸು ಒಪ್ಪುವುದಿಲ್ಲ, ಒಗೆಯಲು ಹಾಕುವಷ್ಟು ಕೊಳೆಯಾಗಿಲ್ಲ. ಕುರ್ಚಿಯನ್ನು ಹೊರಗೆ ಸಾಗಿಸಿದರೂ ಆ ಬಟ್ಟೆ ಇನ್ನೆಲ್ಲಾದರೂ ಬಿದ್ದೇ ಬೀಳುತ್ತದೆ. ತಲೆಗೆ ಮೂರರಂತೆ ಗೂಟ ಹೊಡೆದರೆ ಸಾಕು, ನೆಲದಿಂದ ಐದು ಅಡಿ ಎತ್ತರದಲ್ಲಿ, ಒಂದಕ್ಕೊಂದು 6 ಇಂಚು ಬಿಟ್ಟು. ಮೂರೂ ತುಂಬಿದರೆ ಒಂದು ಒಗೆಯಲು ಹೋಗಲೇಬೇಕು. ಗೂಟಕ್ಕೆ ಎಲ್ಲರಿಗೂ ತೋಚುವ ಜಾಗ ಬಾಗಿಲಿನ ಹಿಂಭಾಗ. ಹಗಲಲ್ಲಿ ಬಾಗಿಲು ತೆರೆದಿರುತ್ತದೆ, ಬಟ್ಟೆ ಮರೆಯಲ್ಲಿರುತ್ತದೆ. ರಾತ್ರಿ ಬಾಗಿಲು ಮುಚ್ಚಿದೊಡನೆ ಅದೇ ಬಟ್ಟೆ ಹಾಸಿಗೆಗೆ ಎದುರಾಗಿ, ನಸುಗತ್ತಲಲ್ಲಿ ಯಾರೋ ನಿಂತ ಹಾಗೆ ತೂಗುತ್ತದೆ. ಇಲ್ಲಿ ಗೂಟಗಳು ಬೀರುವಿನ ಪಕ್ಕದ ಹಲಗೆಗೆ ಹೋದವು, ದಿಂಬಿಗೆ ಕಾಣದ ಬದಿಗೆ. ಒಗೆಯುವ ಬಟ್ಟೆಯ ಬುಟ್ಟಿ ಬಟ್ಟೆ ಬಿಚ್ಚುವ ಜಾಗದಲ್ಲೇ ಇರಲಿ, ಮುಚ್ಚಳ ಬೇಡ. ಮುಚ್ಚಳವಿದ್ದರೆ ಬಟ್ಟೆ ಮುಚ್ಚಳದ ಮೇಲೇ ಉಳಿಯುತ್ತದೆ.

ಮಂಚದ ಕೆಳಗೆ ವರ್ಷಕ್ಕೊಂದೆರಡು ಸಲ ಬೇಕಾಗುವ ಹೊದಿಕೆ, ಕಂಬಳಿಗಳಷ್ಟೇ, ಮುಚ್ಚಳದ ತಗ್ಗು ಪೆಟ್ಟಿಗೆಗಳಲ್ಲಿ, ಚಕ್ರವಿದ್ದರೆ ಇನ್ನೂ ಒಳ್ಳೆಯದು. ಕಾಗದಪತ್ರ, ಬಾಕಿ ಕೆಲಸದ ಸಾಮಾನು ಅಲ್ಲಿ ಬೇಡ. ಪೊರಕೆ ಆಚೆ ಗೋಡೆಯವರೆಗೆ ಹೋಗಬೇಕು. ಹಲಗೆಪಟ್ಟಿಗಳ ಮಂಚವಾದರೆ ಪಟ್ಟಿಗಳ ನಡುವಿನ ಸಂದು 3 ಇಂಚು ಮೀರದಿರಲಿ, ಮೀರಿದರೆ ಹಾಸಿಗೆ ಸಂದಿಗೆ ಇಳಿಬೀಳುತ್ತದೆ. ಇಡೀ ಪ್ಲೈವುಡ್ ಹಾಸಿದ ಮಂಚದಲ್ಲಿ ತೊಂದರೆ ಬೇರೆ: ಮೈಯಿಂದ ಇಳಿಯುವ ತೇವಕ್ಕೆ ಹೊರಹೋಗಲು ದಾರಿಯಿಲ್ಲದೆ ಹಾಸಿಗೆಯ ತಳ ಬೂಸ್ಟು ಹಿಡಿಯುತ್ತದೆ. ಆಗಾಗ ಹಾಸಿಗೆಯನ್ನು ಗೋಡೆಗೆ ಒರಗಿಸಿ ಕೆಲವು ಗಂಟೆ ಗಾಳಿಗೆ ಬಿಡಬೇಕು. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿಗೂ ಇದೇ ಗತಿ, ಹಿಂದೆ 2 ಇಂಚು ಜಾಗ ಬಿಡಿ. ಬೀರು ಎತ್ತರದ್ದಾದರೆ ಮೇಲ್ತುದಿಯನ್ನು ಎಲ್ ಆಕಾರದ ಕ್ಲಾಂಪಿನಿಂದ ಗೋಡೆಗೆ ಬಿಗಿಯಲೇಬೇಕು. ಡ್ರಾಯರುಗಳನ್ನೆಲ್ಲ ಒಟ್ಟಿಗೆ ಎಳೆದರೆ, ಅಥವಾ ಮಗು ಹಿಡಿದು ಹತ್ತಿದರೆ, ಭಾರ ಮುಂದಕ್ಕೆ ಬಂದು ಬೀರು ಮಗುಚಬಹುದು.

ತಲೆದಿಂಬಿನ ಪಕ್ಕದ ಚಿಕ್ಕ ಮೇಜು ಹಾಸಿಗೆಯ ಮಟ್ಟಕ್ಕೆ, ಹೆಚ್ಚೆಂದರೆ 2 ಇಂಚು ಮೇಲೆ ಇರಲಿ. ತೀರಾ ತಗ್ಗಾದರೆ ಕತ್ತಲಲ್ಲಿ ತಡಕುವ ಕೈ ನೀರಿನ ಲೋಟಕ್ಕೆ ಮೇಲಿನಿಂದ ಬಡಿಯುತ್ತದೆ. ಅದರ ಮೇಲೆ ದೀಪ, ನೀರು, ಕನ್ನಡಕ, ಓದುತ್ತಿರುವ ಒಂದು ಪುಸ್ತಕ, ಒಂದು ನೋಟ್‌ಬುಕ್ಕು. ನೋಟ್‌ಬುಕ್ಕು ಡೈರಿ ಬರೆಯಲಿಕ್ಕಲ್ಲ. ನಿದ್ರಾ ಸಂಶೋಧಕ ಮೈಕಲ್ ಸ್ಕಲ್ಲಿನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಲಗುವ ಮುನ್ನ 5 ನಿಮಿಷ ಮುಂದಿನ ದಿನಗಳ ಕೆಲಸದ ಪಟ್ಟಿ ಬರೆದವರು, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ಬೇಗ. ಪ್ರಯೋಗದಲ್ಲಿದ್ದವರು 57 ಜನ ಮಾತ್ರ, ಆದರೆ ಇದಕ್ಕೆ ತಗಲುವ ಖರ್ಚು ಒಂದು ಹಾಳೆ.

ಫೋನು ಈ ಮೇಜಿನ ಮೇಲೆ ಬೇಡ ಅಂತ ಎಲ್ಲರಿಗೂ ಗೊತ್ತು, ಎಲ್ಲರ ಫೋನೂ ಅಲ್ಲೇ ಇರುತ್ತದೆ. ಅಲಾರಂ ಅದರಲ್ಲಿರುವುದೇ ಮುಖ್ಯ ಕಾರಣ. ಮೊದಲು ಟಿಕ್ ಟಿಕ್ ಸದ್ದು ಮಾಡದ ಅಲಾರಂ ಗಡಿಯಾರ ತಂದು, ಆಮೇಲೆ ಚಾರ್ಜರನ್ನು ಕೋಣೆಯ ಹೊರಗೆ ಸಾಗಿಸಿ. ಕ್ರಮ ತಪ್ಪಿದರೆ ಫೋನು ಎರಡೇ ರಾತ್ರಿಯಲ್ಲಿ ದಿಂಬಿನ ಪಕ್ಕಕ್ಕೆ ವಾಪಸ್. ಗಡಿಯಾರದ ಮುಖವನ್ನು ಗೋಡೆಯ ಕಡೆ ತಿರುಗಿಸಿಡಿ. ಮಧ್ಯರಾತ್ರಿ ಎಚ್ಚರವಾದವರು ಗಂಟೆ ನೋಡಿ ಉಳಿದ ನಿದ್ದೆಯನ್ನು ಲೆಕ್ಕ ಹಾಕತೊಡಗಿದರೆ ಆ ಉಳಿದದ್ದೂ ಹೋಗುತ್ತದೆ. ರಾತ್ರಿ ಕರೆ ಬರಬಹುದಾದ ಕೆಲಸದವರು, ಮನೆಯಲ್ಲಿ ಕಾಯಿಲೆಯವರಿರುವವರು ಫೋನನ್ನು ಬಾಗಿಲ ಬಳಿ ಇಟ್ಟು, ಆಯ್ದ ನಂಬರುಗಳಿಗೆ ಮಾತ್ರ ಸದ್ದು ಬರುವಂತೆ ಮಾಡಿಕೊಳ್ಳಬಹುದು. ಎಕ್ಸ್‌ಟೆನ್ಷನ್ ಬೋರ್ಡು ಹಾಸಿಗೆಯ ಕೆಳಗಾಗಲಿ ಕಂಬಳಿಯ ಹಿಂದಾಗಲಿ ಹೋಗಬಾರದು, ಬಿಸಿ ಹೊರಹೋಗದೆ ಬೆಂಕಿ ಹೊತ್ತುವ ಅಪಾಯವಿದೆ. ಮೇಜಿನ ಹಿಂಬದಿಗೆ ಸ್ಕ್ರೂ ಹಾಕಿ ಕೂರಿಸಿ.

ರಾತ್ರಿಯ ಪಟ್ಟಿಯಲ್ಲಿ ಹೆಚ್ಚು ಕೆಲಸ ಕೊಟ್ಟದ್ದು ಬೆಳಕು. 2022ರಲ್ಲಿ ನಿದ್ರಾ ವಿಜ್ಞಾನಿಗಳ ತಂಡವೊಂದು ಪ್ಲಾಸ್ ಬಯಾಲಜಿ ಪತ್ರಿಕೆಯಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ, ಮಲಗುವ ಮುಂಚಿನ 3 ಗಂಟೆ ಕಣ್ಣಿಗೆ ಬೀಳುವ ಬೆಳಕು 10 ಮೆಲನೋಪಿಕ್ ಲಕ್ಸ್ ಮೀರಬಾರದು, ನಿದ್ದೆಯ ಹೊತ್ತಿಗೆ 1. ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ; ಮೆಲನೋಪಿಕ್ ಅಂದರೆ ದೇಹದ ಗಡಿಯಾರವನ್ನು ಅಲುಗಿಸುವ ನೀಲಿ ಪಾಲಿಗೆ ಹೆಚ್ಚು ತೂಕ ಕೊಟ್ಟು ಅಳೆದ ಲೆಕ್ಕ. ಚಾವಣಿಯ 6500 ಕೆಲ್ವಿನ್ ಬಿಳಿ ಬಲ್ಬು ಉರಿಯುತ್ತಿದ್ದರೆ ಈ ಮಿತಿ ಕನಸು. ಚಾವಣಿ ದೀಪ ಗುಡಿಸಲು, ಹುಡುಕಲು ಇರಲಿ; ರಾತ್ರಿಗೆ ಎರಡೂ ಬದಿ ಮೇಜು ದೀಪ, 2700 ಕೆಲ್ವಿನ್ನಿನ ಹಳದಿ ಛಾಯೆಯ ಬಲ್ಬು, ಬೆಳಕಿನ ಪ್ರಮಾಣ 250ರಿಂದ 450 ಲ್ಯೂಮೆನ್. ಕೂತು ಓದುವಾಗ ದೀಪದ ಶೇಡಿನ ಕೆಳ ಅಂಚು ಗಲ್ಲದ ಮಟ್ಟಕ್ಕೆ ಬಂದರೆ ಬಲ್ಬು ಕಣ್ಣಿಗೆ ನೇರ ಕಾಣದೆ ಪುಟಕ್ಕೆ ಬೆಳಕು ಬೀಳುತ್ತದೆ. ಸ್ವಿಚ್ಚು ಮಲಗಿದಲ್ಲೇ ಕೈಗೆಟುಕಬೇಕು, ಏಳಬೇಕಾದರೆ ಯಾರೂ ಚಾವಣಿ ದೀಪ ಆರಿಸಿ ಇದನ್ನು ಹಚ್ಚುವ ಗೋಜಿಗೆ ಹೋಗುವುದಿಲ್ಲ. ಬೆಳಕು ತಗ್ಗಿಸುವ ಡಿಮ್ಮರ್ ಹಾಕಿಸುವುದಾದರೆ ಬಲ್ಬಿನ ಪೊಟ್ಟಣದ ಮೇಲೆ ಡಿಮ್ಮಬಲ್ ಅಂತ ಇದೆಯೇ ನೋಡಿ. ಇಲ್ಲದ ಎಲ್ಇಡಿ ಮಿಣುಕುತ್ತದೆ, ಕೆಲವು ಗುಂಯ್‌ಗುಡುತ್ತವೆ.

ಕರ್ಟನ್ ಬಟ್ಟೆ ಎಷ್ಟೇ ದಪ್ಪವಿರಲಿ, ಬೆಳಕು ಬರುವುದು ಅಂಚಿನಿಂದ. ಸರಳು ಕಿಟಕಿಯ ಚೌಕಟ್ಟಿಗಿಂತ ಎರಡೂ ಕಡೆ 6ರಿಂದ 8 ಇಂಚು ಚಾಚಿರಲಿ, 4 ಇಂಚು ಮೇಲಿರಲಿ. ತುದಿಯಲ್ಲಿ ಗೋಡೆಯ ಕಡೆ ಬಾಗುವ ಸರಳು ಸಿಕ್ಕರೆ ಪಕ್ಕದ ಸಂದಿ ಪೂರ್ತಿ ಮುಚ್ಚುತ್ತದೆ. ಬಟ್ಟೆಯ ಅಗಲ ಸರಳಿನ ಒಂದೂವರೆಯಿಂದ ಎರಡು ಪಟ್ಟು. ಚಾರ್ಜರು, ಅಡಾಪ್ಟರಿನ ಚುಕ್ಕೆಗಳಿಗೆ ಕಪ್ಪು ಇನ್ಸುಲೇಷನ್ ಟೇಪಿನ ಚೂರು ಅಂಟಿಸಿ. ಹೊಗೆ ಪತ್ತೆ ಮಾಡುವ ಅಲಾರಂಗೆ ಮಾತ್ರ ಕೈ ಹಚ್ಚಬೇಡಿ. ರಾತ್ರಿ ಏಳುವವರಿಗೆ ಮಂಚದ ಕೆಳಗೆ, ನೆಲಕ್ಕಷ್ಟೇ ಬೀಳುವ ಮಂದ ಹಳದಿ ದೀಪ ಸಾಕು.

ಸದ್ದಿನ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ರಗ್ಗು, ದಪ್ಪ ಕರ್ಟನ್, ಮೆತ್ತೆಗಳು ಕೋಣೆಯೊಳಗಿನ ಪ್ರತಿಧ್ವನಿಯನ್ನು ನುಂಗುತ್ತವೆ, ಹೊರಗಿನ ವಾಹನದ ಸದ್ದನ್ನು ಹೆಚ್ಚೇನೂ ತಡೆಯುವುದಿಲ್ಲ. ಗಾಳಿ ನುಸುಳುವ ಕಡೆ ಸದ್ದೂ ನುಸುಳುತ್ತದೆ. ಕಿಟಕಿಯ ಚೌಕಟ್ಟಿಗೆ ರಬ್ಬರ್ ಪಟ್ಟಿ, ಬಾಗಿಲ ಕೆಳಗೆ ಬ್ರಷ್ ಪಟ್ಟಿ ಹಾಕಿದರೆ ಅಗ್ಗದಲ್ಲಿ ಸಿಗುವ ಲಾಭ ಅದೇ. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಗೆ ಹೇಳಿದ್ದು ನಿರಂತರ ಸದ್ದಿಗೆ 30 ಡೆಸಿಬೆಲ್, ಬಿಡಿ ಸದ್ದಿಗೆ 45. ಫೋನಿನ ಆ್ಯಪ್ ಇಷ್ಟು ಕೆಳಗಿನ ಮಟ್ಟವನ್ನು ನಂಬುವಂತೆ ಅಳೆಯುವುದಿಲ್ಲ. ಬದಲಿಗೆ ಸದ್ದಿನ ಮೂಲ ಹುಡುಕಿ. ಫ್ಯಾನಿನ ಟಿಕ್ ಟಿಕ್ ಬಹುಪಾಲು ಸಡಿಲಗೊಂಡ ರೆಕ್ಕೆಯ ಸ್ಕ್ರೂವಿನಿಂದ, ಇಲ್ಲವೇ ಮೇಲಿನ ಬಟ್ಟಲು ಕೆಳಗೆ ಸರಿದು ತಾಗುವುದರಿಂದ. ಮೇನ್ ಸ್ವಿಚ್ಚು ಆರಿಸಿ ಎರಡನ್ನೂ ಬಿಗಿ ಮಾಡಿ, ರೆಕ್ಕೆಗಳ ಧೂಳನ್ನೂ ಒರೆಸಿ. ಧೂಳು ಒಂದೇ ಸಮ ಕೂರದಿದ್ದರೆ ರೆಕ್ಕೆಯ ತೂಕ ತಪ್ಪಿ ಫ್ಯಾನು ತೂಗಾಡುತ್ತದೆ. ಆದರೆ ಎಲ್ಲ ಸಂದಿಯನ್ನೂ ಬಿಗಿದ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಿನ ಹೊತ್ತಿಗೆ ಗಾಳಿ ಮಂಕಾಗುತ್ತದೆ. ಮಲಗುವ ಮುನ್ನ 10 ನಿಮಿಷ ಕಿಟಕಿ ಪೂರ್ತಿ ತೆರೆದಿಡುವುದು, ಆಗುವುದಾದರೆ ರಾತ್ರಿಯೂ ಸ್ವಲ್ಪ ತೆರೆದಿಡುವುದು ಒಳ್ಳೆಯದು.

ಗೋಡೆಯ ಬಣ್ಣದ ಮೇಲೆ ತಲೆ ಕೆಡಿಸಿಕೊಳ್ಳುವವರು ಬಹಳ. ನಮ್ಮ ಪ್ರಕಾರ ಅದು ಕೊನೆಯ ಮಾತು. ಹೊಳಪಿಲ್ಲದ ಮ್ಯಾಟ್ ಬಣ್ಣವಾದರೆ ಸಾಕು. ಬಳಿದ ಮೇಲೆ ವಾಸನೆ ಹೋಗುವವರೆಗೆ ಅಲ್ಲಿ ಮಲಗಬೇಡಿ.

ಮಲಗುವ ಕೋಣೆಯಲ್ಲೇ ಕಚೇರಿ ಕೆಲಸದ ಮೇಜು ಇರುವವರದು ಬೇರೆ ಪಾಡು. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟ, ಇವತ್ತಿಗೂ ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ವಿಧಾನದ ತಿರುಳು, ನಿದ್ದೆ ಬಾರದ ತೊಂದರೆಯಿರುವವರು ಹಾಸಿಗೆಯನ್ನು ನಿದ್ದೆಗಲ್ಲದೆ ಓದು, ಲೆಕ್ಕ, ಚಿಂತೆಗೆ ಬಳಸಬಾರದು, ನಿದ್ದೆ ಬಾರದಿದ್ದರೆ ಎದ್ದು ಹೋಗಬೇಕು ಎನ್ನುವುದು. ಮೇಜನ್ನು ಹೊರಗೆ ಹಾಕಲಾಗದಿದ್ದರೆ ಕನಿಷ್ಠ ಅದು ದಿಂಬಿಗೆ ಎದುರಾಗದಿರಲಿ. ಕೆಲಸ ಮುಗಿದಾಗ ಲ್ಯಾಪ್‌ಟಾಪು, ವೈರು, ಕಾಗದ ಎಲ್ಲವೂ ಸೇರುವಷ್ಟು ದೊಡ್ಡ ಮುಚ್ಚಳದ ಪೆಟ್ಟಿಗೆಯೊಂದು ಮೇಜಿನ ಕೆಳಗಿರಲಿ. ಒಂದೊಂದಕ್ಕೂ ಒಂದೊಂದು ಜಾಗ ಅಂತ ಮಾಡಿದರೆ ಸಂಜೆ ಯಾರೂ ಅಷ್ಟು ತಾಳ್ಮೆಯಿಂದ ಎತ್ತಿಡುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಸುರಿಯುವ ಪೆಟ್ಟಿಗೆಯಾದರೆ ಕೆಲಸ ಒಂದು ನಿಮಿಷದ್ದು.

ಕೊನೆಗೆ ಉಳಿದದ್ದು ತೀರ್ಮಾನವಾಗದ ಪೆಟ್ಟಿಗೆ. ಅದಕ್ಕೆ ಟೇಪು ಸುತ್ತಿ, ಮೂರು ತಿಂಗಳ ಮುಂದಿನ ತಾರೀಖು ಬರೆದು ಮಲಗುವ ಕೋಣೆಯಿಂದ ಆಚೆ ಇಡಿ. ಆ ದಿನದವರೆಗೆ ಅದರಲ್ಲಿನ ಯಾವುದಕ್ಕಾಗಿಯೂ ಟೇಪು ಕಿತ್ತಿರದಿದ್ದರೆ ಒಳಗಿನದು ಬೇಕಿಲ್ಲ ಅಂತಲೇ ಅರ್ಥ. ದಾಖಲೆಪತ್ರಗಳನ್ನು ಮಾತ್ರ ಈ ಪೆಟ್ಟಿಗೆಗೆ ಹಾಕಬಾರದು. ಕೆಲವು ವಾರ ಕಳೆದ ಮೇಲೆ ಮತ್ತೊಮ್ಮೆ ಪಟ್ಟಿ ಮಾಡಿದಾಗ ಎಲ್ಲಿ ಏನು ಪುನಃ ಗುಡ್ಡೆ ಬಿದ್ದಿದೆ ನೋಡಿ. ಗುಡ್ಡೆ ಬಿದ್ದ ಕಡೆ ಶಿಸ್ತಿನ ಕೊರತೆಯಲ್ಲ, ಜಾಗದ ಲೆಕ್ಕ ತಪ್ಪಿದೆ. ಚಿಲ್ಲರೆ, ಕೀಲಿಕೈ, ರಸೀದಿಗಳು ದಿಂಬಿನ ಪಕ್ಕದ ಮೇಜಿಗೆ ಬರುತ್ತಲೇ ಇದ್ದರೆ, ಮನೆಯ ಹೊಸ್ತಿಲಿಂದ ಈ ಕೋಣೆಯವರೆಗೆ ಅವುಗಳನ್ನು ಇಳಿಸಲು ಬೇರೆ ಜಾಗ ಸಿಕ್ಕಿಲ್ಲ. ಮುಂಬಾಗಿಲ ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ, ಒಂದು ಚಿಕ್ಕ ಹಲಗೆ ಹೊಡೆದು ತಟ್ಟೆಯಿಡಬೇಕು.